ಆವಿಗೆ ತಣಿದ ಮೇಲೆ

ನನ್ನ ಓದುವ ಮೇಜಿನ ಮೇಲೆ ಒಂದು ಬಟ್ಟಲಿದೆ. ಬೂದಿ ಬೆರೆತ ತಿಳಿಹಸಿರು ಬಣ್ಣ. ಎರಡೂ ಅಂಗೈಗಳನ್ನು ಜೋಡಿಸಿ ಹಿಡಿದರೆ ಅವುಗಳ ನಡುವೆ ಸುಮ್ಮನೆ ಕುಳಿತುಕೊಳ್ಳುವಷ್ಟು ಗಾತ್ರ. ಅದರ ಮೈತುಂಬ, ಒಳಗೂ ಹೊರಗೂ, ಬಿರುಕುಗಳು. ಕೆಲವು ಕಪ್ಪಾಗಿ ಎದ್ದು ಕಾಣುತ್ತವೆ. ಆ ಕಪ್ಪು ಗೆರೆಗಳು ಕಟ್ಟಿದ ಚೌಕಗಳ ಒಳಗೆ ಕೂದಲೆಳೆಗಿಂತ ನವಿರಾದ ಕಂದು ಗೆರೆಗಳು ಮತ್ತೊಂದು ಬಲೆಯನ್ನು ನೇಯ್ದಿವೆ. ಧರ್ಮಕೇಂದ್ರದ ಮನೆಗೆ ಬರುವವರಲ್ಲಿ ಬಹುಮಂದಿ ಅದನ್ನು ಕಂಡೊಡನೆ, "ಫಾದರ್, ಬಟ್ಟಲು ಒಡೆದಿದೆಯಲ್ಲ, ಬಿಸಾಡಬಾರದೇ?" ಎನ್ನುತ್ತಾರೆ. ನಮ್ಮ ಅಡುಗೆಯ ಅಮ್ಮನವರಂತೂ ಎರಡು ಬಾರಿ ಅದನ್ನು ಕಸದ ಬುಟ್ಟಿಗೆ ಸೇರಿಸಿದ್ದಾರೆ. ಎರಡು ಬಾರಿಯೂ ನಾನೇ ಎತ್ತಿ ತಂದು ತೊಳೆದಿಟ್ಟಿದ್ದೇನೆ.

ಈ ಬಟ್ಟಲನ್ನು ಕೈಯಲ್ಲಿ ಹಿಡಿದು ನಾನು ಒಮ್ಮೆ ಒಂದು ಪ್ರವಚನ ಮಾಡಿದ್ದೆ. ಜನ ಬಹಳ ಮೆಚ್ಚಿಕೊಂಡರು, ಕೆಲವರು ಕಣ್ಣೊರೆಸಿಕೊಂಡರು. ಆ ಪ್ರವಚನ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತು ಎಂಬುದನ್ನು ಓದುಗರ ಮುಂದೆ ಇಡಬೇಕೆಂದು ಹಲವು ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಇದರಲ್ಲಿ ಮಣ್ಣು, ಗಾಜು, ಬೆಂಕಿಗಳ ವಿಷಯವೇ ಹೆಚ್ಚಾಗಿರುವುದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕು.

ಬಟ್ಟಲನ್ನು ಮಾಡಿದವನು ನನ್ನ ಗೆಳೆಯ. 1986ರ ಜೂನ್ ತಿಂಗಳಲ್ಲಿ ನಾವಿಬ್ಬರೂ ಒಂದೇ ದಿನ ಕಿರಿಯ ಗುರುಮಠಕ್ಕೆ ಸೇರಿದೆವು. ಮಲಗುವ ಕೋಣೆಯಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ಓದಿನಲ್ಲಿ ನಾನು ಮುಂದು, ಕೈಕೆಲಸದಲ್ಲಿ ಅವನು. ಕ್ರಿಸ್ಮಸ್ ಬಂತೆಂದರೆ ಗೋದಲಿಯ ಪೂರ್ತಿ ಹೊಣೆ ಅವನದೇ. ಹಿಂದಿನ ಹೊಲದ ಮಣ್ಣನ್ನು ತಂದು ನೆನೆಸಿ, ತುಳಿದು, ಕುರುಬರನ್ನೂ ಕುರಿಗಳನ್ನೂ ಮಾಡುತ್ತಿದ್ದ. ತತ್ವಶಾಸ್ತ್ರದ ಎರಡನೆಯ ವರ್ಷದಲ್ಲಿ, ಒಂದು ರಜೆಯ ನಂತರ, ಅವನು ಹಿಂದಿರುಗಲಿಲ್ಲ. ಆ ಕಾಲದಲ್ಲಿ ಅಂಥವರಿಗೆ ನಮ್ಮಲ್ಲಿ ಇದ್ದದ್ದು ಒಂದೇ ಹೆಸರು: 'ಬಿಟ್ಟುಹೋದವನು'. ಅವನಿಂದ ನನಗೆ ಮೂರು ಕಾಗದಗಳು ಬಂದವು. ಉತ್ತರ ಬರೆಯಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ. ಯಾವ ನಿಯಮವೂ ಅಡ್ಡ ಬಂದಿರಲಿಲ್ಲ. ನಾನೇ ಬರೆಯಲಿಲ್ಲ.

ಬಳಿಕ ಅವನ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಪುದುಚೇರಿಯಲ್ಲಿ ಕುಂಬಾರಿಕೆ ಕಲಿತನಂತೆ ಎಂದು ಯಾರೋ ಹೇಳಿದ್ದರು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು 1971ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು ಆರಂಭಿಸಿದ ಮೇಲೆ ಆ ಊರು ಈ ಕಲೆಯ ಕಲಿಕೆಗೆ ಹೆಸರಾಯಿತು. ಸುತ್ತಮುತ್ತ ಅನೇಕ ಕಾರ್ಯಾಗಾರಗಳು ಹುಟ್ಟಿಕೊಂಡವು. ಅವನ ತಾಯಿ ಕೊನೆಯ ದಿನಗಳಲ್ಲಿ ಮಗಳ ಮನೆಯಲ್ಲಿದ್ದರು. ಆ ಮನೆ ನನ್ನ ಧರ್ಮಕೇಂದ್ರದ ವ್ಯಾಪ್ತಿಯಲ್ಲಿತ್ತು. 2017ರಲ್ಲಿ ಆ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಪೂಜೆಯನ್ನು ಅರ್ಪಿಸಿದವನು ನಾನು. ಇಪ್ಪತ್ತೈದು ವರ್ಷಗಳ ನಂತರ ಅವನನ್ನು ಕಂಡದ್ದು ಸಮಾಧಿಯ ಬಳಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಥ್ಯಾಂಕ್ಸ್ ಫಾದರ್, ನಿಮಗೆ ತೊಂದರೆಯಾಯಿತು," ಎಂದ. ಅವನ ಬಾಯಲ್ಲಿ 'ನೀವು' ಎಂಬ ಮಾತು ಕೇಳಿ ನನಗೆ ಹೇಗೋ ಆಯಿತು. ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಈ ಬಟ್ಟಲನ್ನು ನನ್ನ ಕೈಗಿತ್ತು, ಹೆಚ್ಚು ಮಾತನಾಡದೆ ಹೊರಟುಹೋದ.

ಮರುವರ್ಷ ತಪಸ್ಸುಕಾಲದ ಧ್ಯಾನಕೂಟದಲ್ಲಿ ನಾನು ಆ ಬಟ್ಟಲನ್ನು ಎತ್ತಿ ಹಿಡಿದೆ. ನಮ್ಮ ಬದುಕೂ ಹೀಗೆ ನೂರು ಕಡೆ ಒಡೆದದ್ದು, ಆದರೂ ಒಂದು ಕೈ ಅದನ್ನು ಚೆದುರದಂತೆ ಹಿಡಿದಿದೆ, ಒಡೆದ ಕಡೆಯೇ ಅಂದ ಬಂದಿದೆ ಎಂದೆಲ್ಲ ಹೇಳಿದೆ. ಜಪಾನಿನಲ್ಲಿ ಒಡೆದ ಬೋಗುಣಿಯ ಚೂರುಗಳನ್ನು ಅರಗಿನಿಂದ ಅಂಟಿಸಿ ಮೇಲೆ ಚಿನ್ನದ ಪುಡಿ ಹಾಕುವ ಪದ್ಧತಿಯನ್ನೂ ಜೊತೆಗೆ ಸೇರಿಸಿದೆ. (ಈಚಿನ ವರ್ಷಗಳಲ್ಲಿ ಆ ಚಿನ್ನದ ಬೋಗುಣಿಯಿಲ್ಲದ ಧ್ಯಾನಕೂಟವೇ ಇಲ್ಲವೆನ್ನಬಹುದು. ನಾನೂ ಅದಕ್ಕೆ ಹೊರತಾಗಿರಲಿಲ್ಲ.) ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಅವನ ದೂರವಾಣಿ ಕರೆ ಬಂತು. ಅವನ ತಂಗಿ ಧ್ಯಾನಕೂಟಕ್ಕೆ ಬಂದಿದ್ದಳಂತೆ.

"ಫಾದರ್, ನೀವು ಹೇಳಿದ್ದು ಸರಿಯಲ್ಲ. ಆ ಬಟ್ಟಲು ಒಡೆದಿಲ್ಲ. ಅದನ್ನು ಯಾರೂ ಬೀಳಿಸಿಲ್ಲ, ಯಾರೂ ಅಂಟಿಸಿಲ್ಲ. ನಾನು ಬೇಕೆಂದೇ ಹಾಗೆ ಮಾಡಿದ್ದು. ಬಿಡುವಾದರೆ ಒಮ್ಮೆ ಬಂದು ನೋಡಿ. ಮುಂದಿನ ಶನಿವಾರ ಆವಿಗೆ ತೆರೆಯುತ್ತೇನೆ."

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತೆಂಗಿನ ಮರಗಳ ನಡುವೆ ಅವನ ಕಾರ್ಯಾಗಾರ. ಹೆಂಚಿನ ಮಾಡು, ಎರಡು ತಿಗರಿಗಳು, ಮರದ ಹಲಗೆಗಳ ಮೇಲೆ ಸಾಲಾಗಿ ಹಸಿ ಪಾತ್ರೆಗಳು; ಹಿಂಬದಿಯಲ್ಲಿ ಗ್ಯಾಸಿನಿಂದ ಉರಿಯುವ ಇಟ್ಟಿಗೆಯ ಆವಿಗೆ. ಗುರುವಾರ ರಾತ್ರಿ 1260 ಡಿಗ್ರಿಗೆ ಮುಟ್ಟಿಸಿ ಉರಿ ನಿಲ್ಲಿಸಿದ್ದ. ಶನಿವಾರ ಬೆಳಿಗ್ಗೆಯೂ ಇಟ್ಟಿಗೆಗಳಿಗೆ ಕೈ ತಾಗಿಸುವಂತಿರಲಿಲ್ಲ. ಬಾಗಿಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು, ದಪ್ಪ ಕೈಗವಸು ಹಾಕಿಕೊಂಡು ಬಟ್ಟಲುಗಳನ್ನು ಹೊರತಂದು ಹಲಗೆಯ ಮೇಲಿಟ್ಟ. ನುಣ್ಣನೆಯ ಮೈ, ಒಂದು ಗೆರೆಯೂ ಇಲ್ಲ. ಸಾಲದ್ದಕ್ಕೆ ಅವನು ನನಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದ.

ಆಗ ಕೇಳಿಸಿತು. ಟಿಣ್. ಸ್ವಲ್ಪ ಹೊತ್ತು ಬಿಟ್ಟು, ಹಲಗೆಯ ಆ ತುದಿಯಿಂದ ಇನ್ನೊಂದು, ಟಿಣ್. ಬಲಿಪೀಠದ ಗಂಟೆಯ ನಾಲಗೆಯನ್ನು ಉಗುರಿನಿಂದ ಮೀಟಿದರೆ ಬರುವಂಥ ಸಣ್ಣ ಸದ್ದು. ನೋಡನೋಡುತ್ತಿದ್ದಂತೆ ಹತ್ತಿಪ್ಪತ್ತು ಕಡೆಯಿಂದ ಅದು ಎದ್ದಿತು. ಮಳೆ ನಿಂತ ಮೇಲೆ ಸೂರಿನ ಹನಿಗಳು ಬೇರೆ ಬೇರೆ ಪಾತ್ರೆಗಳಿಗೆ ಬೀಳುವ ಹಾಗೆ. ಬಾಗಿ ನೋಡಿದರೆ ನುಣ್ಣನೆಯ ಮೈಯ ಮೇಲೆ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವಂಥ ಗೆರೆಗಳು.

"ಬಿರಿಯುತ್ತಿದೆ," ಎಂದ. "ಇವತ್ತು ಜಾಸ್ತಿ. ನಾಳೆ, ನಾಡಿದ್ದು ಕಡಿಮೆ. ಆಮೇಲೆ ತಿಂಗಳುಗಟ್ಟಲೆ, ಯಾವಾಗಲೋ ಒಂದು."

ಆ ದಿನ ಅವನಿಂದ ಕೇಳಿ ತಿಳಿದದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಕೂಡಿಸಿ ಹೇಳುತ್ತೇನೆ. ಪಿಂಗಾಣಿ ಪಾತ್ರೆಯಲ್ಲಿ ಇರುವುದು ಎರಡು ವಸ್ತುಗಳು. ಒಳಗೆ ಸುಟ್ಟ ಮಣ್ಣಿನ ಮೈ. ಹೊರಗೆ ಕುಂಬಾರರು ಗ್ಲೇಜ್ ಎಂದು ಕರೆಯುವ ಗಾಜಿನ ಹೊದಿಕೆ. ಆವಿಗೆಯ ಉರಿ ತುದಿ ಮುಟ್ಟಿದಾಗ ಗ್ಲೇಜ್ ಜೇನಿನಂತೆ ಕರಗಿ ಮಣ್ಣಿಗೆ ಹತ್ತಿಕೊಳ್ಳುತ್ತದೆ. ಆ ಘಳಿಗೆಯಲ್ಲಿ ಎರಡಕ್ಕೂ ಯಾವ ಜಗಳವೂ ಇಲ್ಲ. ತಣಿಯುತ್ತ ಬಂದಂತೆ ಒಂದು ಹಂತದಲ್ಲಿ ಗ್ಲೇಜ್ ಹರಿಯುವುದನ್ನು ನಿಲ್ಲಿಸಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಎರಡೂ ಕುಗ್ಗಬೇಕು. ಆದರೆ ಒಂದೊಂದು ವಸ್ತುವಿಗೂ ಕುಗ್ಗುವ ಅಳತೆ ಬೇರೆ. ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗುವ ಜಾತಿಯದಾದರೆ ಅದಕ್ಕೆ ಸಿಕ್ಕಿದ ಮೈ ತನಗಿಂತ ದೊಡ್ಡದಾಗುತ್ತದೆ. ತೊಳೆದು ಕುಗ್ಗಿದ ಅಂಗಿಯನ್ನು ಬಲವಂತವಾಗಿ ತೊಟ್ಟುಕೊಂಡಂತೆ. ಬಿಟ್ಟು ಹೋಗುವಂತಿಲ್ಲ, ಏಕೆಂದರೆ ಮಣ್ಣಿಗೆ ಬೆಸೆದುಕೊಂಡಿದೆ. ಗಾಜು ಒತ್ತಿದರೆ ತಾಳುತ್ತದೆ, ಎಳೆದರೆ ತಾಳದು. ಆದ್ದರಿಂದ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯ ಅಂಗಳದಲ್ಲಿ ಮೇಲಿನ ಕೆಸರು ಒಣಗಿ ಕುಗ್ಗುವಾಗ ಕೆಳಗಿನ ಹಸಿಮಣ್ಣು ಅಷ್ಟು ಕುಗ್ಗದೆ, ನೆಲವೆಲ್ಲ ಚೌಕ ಚೌಕವಾಗಿ ಸೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ನೀರು ಆರುವುದು, ಇಲ್ಲಿ ಬಿಸಿ ಆರುವುದು. ನ್ಯಾಯ ಹೆಚ್ಚುಕಡಿಮೆ ಒಂದೇ.

ಬೀಳುವುದರಿಂದ ಆಗುವ ಬಿರುಕು ಮಣ್ಣನ್ನು ಸೀಳುತ್ತದೆ. ಇದು ಗಾಜನ್ನಷ್ಟೇ ಸೀಳುತ್ತದೆ, ಕೆಳಗಿನ ಮೈ ಇಡಿಯಾಗಿಯೇ ಉಳಿಯುತ್ತದೆ. ನನ್ನ ಪ್ರವಚನದ ಬುಡವೇ ಅಲ್ಲಿಗೆ ಕುಸಿಯಿತು.

ಸಾಮಾನ್ಯ ತಟ್ಟೆ, ಲೋಟ ಮಾಡುವವರಿಗೆ ಇದು ದೋಷವೇ. ಅವರು ಗ್ಲೇಜ್ ಮಣ್ಣಿಗಿಂತ ಸ್ವಲ್ಪ ಕಡಿಮೆ ಕುಗ್ಗುವಂತೆ ನೋಡಿಕೊಳ್ಳುತ್ತಾರೆ. ಆಗ ಗಾಜು ಸುತ್ತಲಿಂದ ಒತ್ತಿಸಿಕೊಂಡು ಕೂರುತ್ತದೆ, ಪಾತ್ರೆಗೆ ಬಲ ಬರುತ್ತದೆ. ಅದೂ ಅತಿಯಾದರೆ ಅಂಚುಗಳಲ್ಲಿ ಗ್ಲೇಜ್ ಸಿಪ್ಪೆಯಂತೆ ಸಿಡಿದು ಹೋಗುತ್ತದೆ. ಆ ಚೂರು ಊಟದಲ್ಲಿ ಸೇರಿದರೆ ಅಪಾಯ. ಬಿರುಕುಜಾಲವನ್ನು ಅಲಂಕಾರವಾಗಿ ಬಯಸುವವನು ಇದರ ತಿರುವುಮುರುವು ದಾರಿ ಹಿಡಿಯುತ್ತಾನೆ. ಸೋಡಾ ಮತ್ತು ಪೊಟ್ಯಾಶ್ ಹೆಚ್ಚು ಹಿಗ್ಗಿ ಹೆಚ್ಚು ಕುಗ್ಗುವ ಗಾಜನ್ನು ಕೊಡುತ್ತವೆ. ಸಿಲಿಕಾ ಅದನ್ನು ತಡೆಯುತ್ತದೆ. ಆದ್ದರಿಂದ ಸೋಡಾ, ಪೊಟ್ಯಾಶ್ ಇರುವ ಫೆಲ್ಡ್‌ಸ್ಪಾರ್ ಕಲ್ಲಿನ ಪುಡಿಯನ್ನು ಹೆಚ್ಚಿಸಿ ಸಿಲಿಕಾವನ್ನು ಇಳಿಸುತ್ತಾನೆ. ಲೇಪವನ್ನು ದಪ್ಪವಾಗಿ ಕೊಡುತ್ತಾನೆ. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕೆಂಬುದೂ ಅವನ ಲೆಕ್ಕದಲ್ಲಿದೆ. ಎರಡರ ಅಳತೆಗಳ ಅಂತರ ಹೆಚ್ಚಿದಷ್ಟೂ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಅಂತರ ಕಿರಿದಾದರೆ ನಾಲ್ಕಾರು ನೀಳ ಗೆರೆಗಳು ಮಾತ್ರ, ಅದೂ ಕೆಲವೊಮ್ಮೆ ತಿಂಗಳುಗಳ ಮೇಲೆ. ಎಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಅವನು ತೋರಿಸಿದ ಒಂದು ಎತ್ತರದ ಹೂದಾನಿ. ಅದರ ಗೆರೆಗಳು ಬಳ್ಳಿಯಂತೆ ಸುತ್ತಿಕೊಂಡು ಮೇಲಕ್ಕೇರಿದ್ದವು. ತಿಗರಿಯ ಮೇಲೆ ಮಣ್ಣನ್ನು ತಿರುಗಿಸಿ ಎತ್ತಿದಾಗ ಅದು ಪಡೆದ ತಿರುಚನ್ನು ಬೆಂಕಿ ದಾಟಿಯೂ ಮರೆಯುವುದಿಲ್ಲವಂತೆ. ಗಾಜು ಬಿರಿಯುವಾಗ ಕೆಲವೊಮ್ಮೆ ಆ ದಾರಿಯನ್ನೇ ಹಿಡಿಯುತ್ತದೆ.

ಬಿರಿದ ಗೆರೆಗಳು ಮೊದಲಿಗೆ ಕಾಣುವುದಿಲ್ಲ. ಬಟ್ಟಲು ತಣಿದ ಮೇಲೆ ಅವನು ಅದಕ್ಕೆ ಕಪ್ಪು ಶಾಯಿಯನ್ನು ತಿಕ್ಕಿ ಒರೆಸಿದ. ನುಣುಪು ಮೈಯಿಂದ ಶಾಯಿ ಹೋಯಿತು, ಬಿರುಕಿನೊಳಗಿನದು ಉಳಿಯಿತು. ಕೆಲವು ದಿನ ಬಿಟ್ಟು, ಆ ನಡುವೆ ಹೊಸದಾಗಿ ಬಿರಿದ ಗೆರೆಗಳಿಗೆ ಚಹಾದ ಗಟ್ಟಿ ಡಿಕಾಕ್ಷನ್ ಉಣಿಸುತ್ತಾನೆ. ಹೀಗೆ ಮೊದಲು ಬಂದವು ಕಪ್ಪಾಗಿಯೂ ತಡವಾಗಿ ಬಂದವು ಕಂದಾಗಿಯೂ ಕಾಣುತ್ತವೆ. ಒಂದೇ ಬಟ್ಟಲಿನ ಮೇಲೆ ಎರಡು ಕಾಲಗಳು.

ಈ ಎರಡು ಬಣ್ಣದ ಜಾಲ ಅವನ ಹೊಸ ಕಲ್ಪನೆಯೇನೂ ಅಲ್ಲ. ಅದು ಚೀನಾದ ಹಳೆಯ ವಿದ್ಯೆ. 'ಚಿನ್ನದ ನೂಲು, ಕಬ್ಬಿಣದ ತಂತಿ' ಎಂದು ಅಲ್ಲಿನವರು ಅದನ್ನು ಕರೆಯುತ್ತಾರೆ. 1127ರಲ್ಲಿ ಉತ್ತರದ ಕೈಫೆಂಗ್ ನಗರ ಶತ್ರುಗಳ ಪಾಲಾದಾಗ ಸುಂಗ್ ರಾಜವಂಶ ದಕ್ಷಿಣಕ್ಕೆ ಓಡಿಬಂದು ಇಂದಿನ ಹಾಂಗ್‌ಝೌದಲ್ಲಿ ನೆಲೆ ನಿಂತಿತು. ಅರಮನೆಯ ಪೂಜಾವಿಧಿಗಳಿಗೆ ಬೇಕಾದ ಪಾತ್ರೆಗಳಿಗಾಗಿ ಅಲ್ಲಿ ಹೊಸ ಆವಿಗೆಗಳನ್ನು ಕಟ್ಟಿದರು. 'ಗುವಾನ್', ಎಂದರೆ ಸರಕಾರಿ, ಎಂದು ಆ ಪಾತ್ರೆಗಳಿಗೆ ಹೆಸರು. ಪ್ರಾಚೀನ ಕಂಚಿನ ಪಾತ್ರೆಗಳ ಆಕಾರ. ಕಬ್ಬಿಣದಂಶವಿರುವ ಕಪ್ಪು ಮಣ್ಣಿನ ತೆಳುವಾದ ಮೈ. ಅದರ ಮೇಲೆ ಪದರದ ಮೇಲೆ ಪದರ ಕೊಟ್ಟು ಬೆಳೆಸಿದ ಗ್ಲೇಜ್. ಉತ್ತಮವಾದವುಗಳಲ್ಲಿ ಗ್ಲೇಜ್ ಮಣ್ಣಿಗಿಂತಲೂ ದಪ್ಪವಾಗಿರುವುದುಂಟು. ಅಂಚಿನಲ್ಲಿ ಗ್ಲೇಜ್ ಜಾರಿ ತೆಳುವಾದೆಡೆ ಕೆಳಗಿನ ಮಣ್ಣು ನೇರಳೆ ಛಾಯೆಯಾಗಿ ಇಣುಕುತ್ತದೆ, ಲೇಪವಿಲ್ಲದ ಅಡಿಭಾಗ ಕಬ್ಬಿಣದ ಬಣ್ಣದಲ್ಲಿ ನಿಲ್ಲುತ್ತದೆ. ಇಷ್ಟು ದಪ್ಪ ಗಾಜು ಬಿರಿಯದೆ ಇರಲಾರದು. ಮೊದಮೊದಲು ತಾನಾಗಿ ಬಂದ ಗೆರೆಗಳನ್ನು ಅಲ್ಲಿನ ರಸಿಕರು ನೋಡುವುದನ್ನು ಕಲಿತರು, ಅವುಗಳಿಗೆ ಹೆಸರಿಟ್ಟರು. ಮಂಜುಗಡ್ಡೆಯ ಸೀಳು, ಏಡಿಯ ಉಗುರು, ಮೀನಿನ ಮೊಟ್ಟೆ ಎಂಬಂಥ ಹೆಸರುಗಳು. ಹೆಸರಿಟ್ಟ ಮೇಲೆ ಅದು ಕುಂಬಾರನು ಬೇಕೆಂದು ತರಿಸುವ ಗುಣವಾಯಿತು.

ಇದೇ ಬಗೆಯ ಇನ್ನೊಂದು ಪಾತ್ರೆಯ ಹೆಸರು 'ಗೆ'. ಹಾಗೆಂದರೆ ಅಣ್ಣ. ಲುಂಗ್‌ಚುವಾನ್ ಎಂಬಲ್ಲಿ ಇಬ್ಬರು ಕುಂಬಾರ ಸೋದರರಿದ್ದರು, ಬಿರುಕಿನ ಪಾತ್ರೆ ಅಣ್ಣನದು, ಬಿರುಕಿಲ್ಲದ್ದು ತಮ್ಮನದು ಎಂದು ಹಳೆಯ ಕಥೆ. ಅಸೂಯೆಪಟ್ಟ ತಮ್ಮ ಅಣ್ಣನ ಆವಿಗೆಗೆ ತಣ್ಣೀರು ಸುರಿದ, ಪಾತ್ರೆಗಳೆಲ್ಲ ಬಿರಿದವು, ಜನ ಅವನ್ನೇ ಮುಗಿಬಿದ್ದು ಕೊಂಡರು ಎಂದೂ ಜನಪದರು ಸೇರಿಸುತ್ತಾರೆ. ಆ ಪಾತ್ರೆಗಳು ನಿಜಕ್ಕೂ ಎಲ್ಲಿ, ಯಾವಾಗ ತಯಾರಾದವು ಎಂಬ ಬಗ್ಗೆ ವಿದ್ವಾಂಸರ ನಡುವೆ ಇಂದಿಗೂ ಒಮ್ಮತವಿಲ್ಲ. ಕಥೆ ಮಾತ್ರ ಸ್ವಾರಸ್ಯವಾಗಿದೆ. ನಾನು ಅದನ್ನು ಹೇಳಿದಾಗ ನನ್ನ ಗೆಳೆಯ, "ತಣ್ಣೀರು ಸುರಿದರೆ ಗ್ಲೇಜ್ ಮಾತ್ರವಲ್ಲ, ಪಾತ್ರೆಯೇ ಸೀಳಿಹೋಗುತ್ತೆ," ಎಂದು ತೆಗೆದುಹಾಕಿಬಿಟ್ಟ.

ಇಂಥ ಪಾತ್ರೆಗಳನ್ನು ನಾನು ಮೊದಲು ಕಂಡದ್ದು 2014ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಸರ್ ಪರ್ಸಿವಲ್ ಡೇವಿಡ್ ಸಂಗ್ರಹಿಸಿದ ಚೀನೀ ಪಿಂಗಾಣಿ ಅಲ್ಲಿಯ 95ನೆಯ ಕೋಣೆಯಲ್ಲಿದೆ. ಹದಿನೆಂಟನೆಯ ಶತಮಾನದ ಚಿಯೆನ್‌ಲುಂಗ್ ಚಕ್ರವರ್ತಿ ಸುಂಗ್ ಪಾತ್ರೆಗಳ ಮೇಲಿನ ಮೋಹದಿಂದ ತನ್ನ ಕವಿತೆಗಳನ್ನು ಅವುಗಳ ಮೈಮೇಲೆ ಕೆತ್ತಿಸಿದ್ದ. ಅಂಥವೂ ಅಲ್ಲಿವೆ. ನಾನು ರೋಮಿನಿಂದ ಹಿಂದಿರುಗುವ ದಾರಿಯಲ್ಲಿ ಎರಡು ದಿನ ತಂಗಿದ್ದವನು. ಆ ಕೋಣೆಯಲ್ಲಿ ಐದು ನಿಮಿಷವೂ ನಿಲ್ಲಲಿಲ್ಲ. ಇಷ್ಟು ಬೆಲೆಬಾಳುವ ಪಾತ್ರೆಗಳನ್ನು ಸಾಗಿಸುವಾಗ ಹೀಗೆ ಬಿರುಕು ಬಿಡಿಸಿದ್ದಾರಲ್ಲ ಎಂದುಕೊಂಡು ಈಜಿಪ್ಟಿನ ಮಮ್ಮಿಗಳ ಕಡೆಗೆ ನಡೆದಿದ್ದೆ.

ಕಾರ್ಯಾಗಾರದಿಂದ ಬಂದ ಮೇಲೆ ಈ ವಿಷಯವನ್ನು ಹುಡುಕಿ ಓದುತ್ತ ಹೋದಾಗ ನಮ್ಮವರೇ ಒಬ್ಬರು ಎದುರಾದರು. ಫ್ರಾಂಸ್ವಾ ಗ್ಸಾವಿಯೇ ದಾಂತ್ರಕೋಲ್, ಯೇಸುಸಭೆಯ ಫ್ರೆಂಚ್ ಗುರು. 1698ರಲ್ಲಿ ಚೀನಾಕ್ಕೆ ಹೊರಟು, 1741ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡವರು. ಪಿಂಗಾಣಿಯ ರಾಜಧಾನಿಯಂತಿದ್ದ ಜಿಂಗ್‌ಡೆಝೆನ್‌ನಲ್ಲಿ ಅವರ ಸೇವೆ. ಆ ಊರಿನಲ್ಲಿ ಮೂರು ಸಾವಿರ ಆವಿಗೆಗಳಿವೆ, ರಾತ್ರಿ ನೋಡಿದರೆ ಊರಿಗೆ ಊರೇ ಹೊತ್ತಿ ಉರಿಯುವಂತೆ ತೋರುತ್ತದೆ ಎಂದು ಅವರು ಬರೆಯುತ್ತಾರೆ. ಪಿಂಗಾಣಿ ಮಾಡುವ ಬಗೆಯನ್ನು ಕುರಿತು 1712ರಲ್ಲೂ 1722ರಲ್ಲೂ ಅವರು ಬರೆದ ಎರಡು ದೀರ್ಘ ಪತ್ರಗಳು ಯೂರೋಪಿನಲ್ಲಿ ಅಚ್ಚಾಗಿ ಬಹಳ ಪ್ರಸಿದ್ಧವಾದವು. ಕೈಗಾರಿಕೆಯ ಗುಟ್ಟು ಕದ್ದ ಗೂಢಚಾರ ಎಂದು ಇಂದು ಕೆಲವರು ಅವರನ್ನು ಕರೆಯುವುದುಂಟು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ.

ಆ ಪತ್ರಗಳಲ್ಲಿ ಬಿರುಕಿನ ಪಾತ್ರೆಯ ಮಾತೂ ಬರುತ್ತದೆ. ಒಂದು ಬಗೆಯ ಬಿಳಿಯ ಕಲ್ಲಿನಿಂದ ಮಾಡಿದ ಲೇಪವನ್ನು ಬೇರೇನೂ ಬೆರೆಸದೆ ಬಳಸಿದಾಗ ಪಾತ್ರೆಯ ಮೈತುಂಬ ಲೆಕ್ಕವಿಲ್ಲದಷ್ಟು ಗೆರೆಗಳು ಮೂಡುತ್ತವೆ, ಬಣ್ಣ ಬೂದಿಮಿಶ್ರಿತ ಬಿಳಿ. ದೂರದಿಂದ ನೋಡಿದವರಿಗೆ ಒಡೆದ ಪಾತ್ರೆಯ ಚೂರುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ನಿಂತಂತೆ ಕಾಣುತ್ತದೆ ಎಂಬುದು ಅವರ ವಿವರಣೆಯ ಸಾರ. ಗಮನಿಸಿ: 'ದೂರದಿಂದ ನೋಡಿದವರಿಗೆ'. ಆ ಗುರುಗಳಿಗೂ ಮೊದಲ ನೋಟಕ್ಕೆ ನನ್ನಂತೆಯೇ ತೋರಿರಬೇಕು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಆ ಊರಿನ ಕ್ರೈಸ್ತರಲ್ಲಿ ಅನೇಕರು ಆವಿಗೆಗಳಲ್ಲಿ ದುಡಿಯುವವರೇ ಆಗಿದ್ದರು. ಅವರನ್ನು ಕೇಳಿ, ಕಣ್ಣಾರೆ ಕಂಡು, ಚೀನೀ ಗ್ರಂಥಗಳನ್ನು ತಿರುವಿ, ಆಮೇಲೆ ಲೇಖನಿ ಹಿಡಿದರು. ನನ್ನ ಬಟ್ಟಲು ಬಂದದ್ದು ಕುಂಬಾರನ ಕೈಯಿಂದಲೇ. ಅವನ ದೂರವಾಣಿ ಸಂಖ್ಯೆಯೂ ನನ್ನಲ್ಲಿತ್ತು. ನಾನು ಕೇಳಲಿಲ್ಲ.

ಪತ್ರದ ಆ ಭಾಗವನ್ನು ಮುದ್ರಿಸಿಕೊಂಡು ಮತ್ತೊಮ್ಮೆ ನಂಜನಗೂಡು ರಸ್ತೆಗೆ ಹೋದೆ. ಓದಿ ಹೇಳಿದೆ. ತಿಗರಿಯ ಮೇಲಿನ ಕೈ ನಿಲ್ಲಿಸದೆಯೇ ಕೇಳಿಸಿಕೊಂಡ. "ಸ್ವಾಮಿಗಳು ಕೆಲಸದವರ ಹತ್ತಿರ ಕೂತು ಬರೆದಿದ್ದಾರೆ. ಗೊತ್ತಾಗುತ್ತೆ," ಎಂದ. ನನ್ನ ಎದೆಯಲ್ಲಿದ್ದ ಮಾತು ಆಗ ಹೊರಬಂತು. "ನಿನ್ನ ಮೂರು ಕಾಗದಗಳು ನನಗೆ ತಲುಪಿದ್ದವು," ಎಂದೆ.

"ಗೊತ್ತು. ನಿಮ್ಮ ಊರಿನ ಅಂಚೆಯವರು ನಂಬಿಕಸ್ಥರು."

ತಿಗರಿ ತಿರುಗುತ್ತಲೇ ಇತ್ತು. ನಾನು ಏನೇನೋ ಹೇಳತೊಡಗಿದೆ. ಇಬ್ಬರೂ ಒಂದೇ ಬೆಂಕಿಗೆ ಹೋದವರು, ತಣಿಯುವಾಗ ಬೇರೆ ಬೇರೆ ಅಳತೆಯಲ್ಲಿ ಕುಗ್ಗಿದೆವು, ಆ ಗೆರೆಯೇ ಇಂದು... ಅವನು ತಿಗರಿ ನಿಲ್ಲಿಸಿದ.

"ಅದನ್ನೂ ಪ್ರವಚನ ಮಾಡಬೇಡಿ ಫಾದರ್."

ಕೈ ತೊಳೆದುಕೊಂಡು ಬಂದು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದ. ನೆಲದಿಂದ ಮಾಡಿನವರೆಗೆ ಬಿಳಿಯ ಊಟದ ತಟ್ಟೆಗಳು. ಹೋಟೆಲೊಂದಕ್ಕೆ ಮಾಡಿಕೊಟ್ಟಿದ್ದಂತೆ. ಆವಿಗೆಯಿಂದ ಬಂದಾಗ ಒಂದರಲ್ಲೂ ಗೆರೆಯಿರಲಿಲ್ಲ. ನಾಲ್ಕು ತಿಂಗಳ ಮೇಲೆ ಒಂದೊಂದಾಗಿ ಬಿರಿಯತೊಡಗಿದವು. ಆ ಸಲ ಉರಿ ಸಾಲದೆ ಹೋಗಿ ಮಣ್ಣಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿದಿದ್ದವು. ಅಂಥ ಮಣ್ಣು ಗಾಳಿಯ ತೇವವನ್ನೂ ತೊಳೆಯುವ ನೀರನ್ನೂ ಮೆಲ್ಲನೆ ಹೀರಿ, ತೀರ ಸ್ವಲ್ಪವೇ ಆದರೂ, ಹಿಗ್ಗುತ್ತದೆ. ಮೇಲಿನ ಗಾಜು ಹಿಗ್ಗಲಾರದು. ಬಿರುಕಿನೊಳಗೆ ಸಾರು, ಎಣ್ಣೆ ಇಳಿದು ಕಲೆಗಟ್ಟಿತು, ವಾಸನೆ ಬಂತು. ಅಂಥ ತಟ್ಟೆಯ ಬಲವೂ ಕಡಿಮೆ. ಎಲ್ಲವನ್ನೂ ಹಿಂದಕ್ಕೆ ತಂದು ಹಣ ಮರಳಿಸಿದ್ದ. ಆ ಸಾಲ ತೀರಿಸಲು ಎರಡು ವರ್ಷ ಹಿಡಿಯಿತಂತೆ.

"ಇವಕ್ಕೂ ಶಾಯಿ ತಿಕ್ಕಿ ಮಾರಬಹುದಿತ್ತು," ಎಂದ. "ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆ ಬಟ್ಟಲಿನ ಗೆರೆ ನಾನು ಬೆಂಕಿಗೆ ಇಡುವ ಮೊದಲೇ ಒಪ್ಪಿಕೊಂಡದ್ದು. ಇದು ನನ್ನ ತಪ್ಪು. ತಪ್ಪಾಗಿ ಬಂದದ್ದಕ್ಕೆ ಆಮೇಲೆ ಅಂದ ಕಟ್ಟಬಾರದು."

ನಾನು ಆ ತಟ್ಟೆಗಳನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ, ಉಪಮೆಯೇನೂ ಇಲ್ಲದೆ, "ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ನನ್ನ ತಪ್ಪು," ಎಂದೆ. ಪಾಪನಿವೇದನೆಯ ಪೀಠದಲ್ಲಿ ಇಷ್ಟು ವರ್ಷ ಈ ಕಡೆ ಕುಳಿತವನಿಗೆ ಆ ನಾಲ್ಕು ಮಾತು ಎಷ್ಟು ಭಾರವೆಂದು ಅಂದು ತಿಳಿಯಿತು. ಅವನು ಹೂಂ ಎಂದ. ಪರವಾಗಿಲ್ಲ ಎನ್ನಲಿಲ್ಲ. ಹೊರಗೆ ಬಂದು ಚಹಾ ಮಾಡಿಕೊಟ್ಟ. ಬಿರುಕಿಲ್ಲದ ಲೋಟಗಳಲ್ಲಿ.

ಅಂದಿನಿಂದ ವರ್ಷಕ್ಕೆ ಎರಡು ಮೂರು ಬಾರಿ ಅಲ್ಲಿಗೆ ಹೋಗುತ್ತೇನೆ. ಹೆಚ್ಚು ಮಾತಿರುವುದಿಲ್ಲ. ಆವಿಗೆ ತೆರೆಯುವ ದಿನವಾದರೆ ಇಬ್ಬರೂ ಹಲಗೆಯ ಬಳಿ ಕುಳಿತು ಸದ್ದು ಕೇಳುತ್ತೇವೆ. ಬಟ್ಟಲಿನಲ್ಲಿ ಒಮ್ಮೆ ನೀರು ತುಂಬಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಜ್ಞಾನಸ್ನಾನದ ದಾಖಲೆ ಪುಸ್ತಕದ ಹೊದಿಕೆಯ ಮೇಲೆ ಒದ್ದೆಯ ಉಂಗುರ ಮೂಡಿತ್ತು. ಅವನ ಮಣ್ಣು ಪೂರ್ತಿ ಬಿಗಿಯಾದುದಲ್ಲ, ಬಿರುಕಿನ ಮೂಲಕ ನೀರು ಜಿನುಗುತ್ತದೆ. ಈಗ ಅದರಲ್ಲಿ ಕನ್ನಡಕ ಇಡುತ್ತೇನೆ.

ಕಳೆದ ವಾರ ಕನ್ನಡಕ ತೆಗೆಯುವಾಗ ತಳದ ಬಳಿ ಒಂದು ಬಿಳಿಯ ಗೆರೆ ಕಂಡಿತು. ಕಪ್ಪೂ ಅಲ್ಲ, ಕಂದೂ ಅಲ್ಲ. ಹಿಂದೆ ಇರಲಿಲ್ಲ. ಕೂಡಲೇ ಕರೆ ಮಾಡಿದೆ.

"ಏನೋ, ಇಷ್ಟು ಬೆಳಿಗ್ಗೆ?" ಎಂದ.

ಗೆರೆಯ ವಿಷಯ ಹೇಳಿದೆ.

"ಎಂಟು ವರ್ಷ ಆಯ್ತಲ್ಲ ಅದಕ್ಕೆ. ಇನ್ನೂ ಬಿರೀತಿದೆಯಾ?" ಸ್ವಲ್ಪ ಸುಮ್ಮನಿದ್ದ. "ಚಹಾ ಮಾಡ್ತೀಯಲ್ಲ, ಚರಟ ಎಸೆಯೋ ಮೊದಲು ಅದರ ಮೇಲೆ ತಿಕ್ಕು. ಒಂದು ಗಂಟೆ ಬಿಟ್ಟು ಒರೆಸು. ಅಡುಗೆಯಮ್ಮನ ಕೈಗೆ ಮಾತ್ರ ಕೊಡಬೇಡ."